ಡಿಎಪಿ ಅಸಲಿಯೋ ನಕಲಿಯೋ? ಸುಣ್ಣದ ಡಬ್ಬಿ ತೆಗೀರಿ!

2019ರ ಮುಂಗಾರು. ರೋಹಿಣಿ ಮಳೆ ಚೆನ್ನಾಗಿ ಆಗಿತ್ತು. ಎಲ್ಲರೂ ಬಿತ್ತಿಗೆಗೆ ಬಿದ್ದಿದ್ದರು, ಅಂಗಡಿಯಲ್ಲಿ ಡಿಎಪಿ ಸಿಗಲಿಲ್ಲ. ಊರಿಗೇ ಬಂದ ಗಾಡಿಯವನೊಬ್ಬ ಚೀಲಕ್ಕೆ 100 ರೂಪಾಯಿ ಕಡಿಮೆಗೆ ಕೊಟ್ಟ. ನಾಲ್ಕು ಚೀಲ ಇಳಿಸಿಕೊಂಡೆ, ಬಿಲ್ಲು ಕೇಳಲಿಲ್ಲ. 'ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು' ಅಂತ ಗುಡಿ ಬಗ್ಗೆ ನಮ್ಮ ಕಡೆ ಮಾತೈತಿ. ಉಜ್ಜಿನಿಯವನಾದ ನಾನೇ ಚೀಲದ ಹೊರಗಿನ ಅಚ್ಚು ನೋಡಿ ಮೋಸ ಹೋದೆ.

ನಾಲ್ಕು ಎಕರೆ ಮಸಾರಿ ಹೊಲದ ಮೆಕ್ಕೆಜೋಳ ಮೊಣಕಾಲೆತ್ತರಕ್ಕೇ ನಿಂತಿತು. ಎಲೆ ಅಂಚು ನೇರಳೆ ತಿರುಗಿತು. ಸಾಲು ಕೆದರಿದರೆ ಗೊಬ್ಬರದ ಕಾಳು ಹಾಕಿದ ಹಾಗೇ ಇದ್ದವು! ಉಳಿದಿದ್ದ ಬೊಗಸೆ ಗೊಬ್ಬರ ಗಂಟು ಕಟ್ಟಿಕೊಂಡು, ಕೃಷಿ ಇಲಾಖೆಯಿಂದ ನಿವೃತ್ತರಾದ ಒಬ್ಬರ ಮನೆಗೆ ಹೋದೆ.

"ಸುಣ್ಣದ ಡಬ್ಬಿ ಐತೇನಪ್ಪ?" ಅಂದರು. ತಂಬಾಕು ತಿನ್ನೋನ ಹತ್ತಿರ ಇಲ್ಲದೆ ಇರುತ್ತಾ? ಅಸಲಿ ಡಿಎಪಿಯ ನಾಲ್ಕು ಕಾಳು ಅಂಗೈಲಿಟ್ಟು, ಸುಣ್ಣ ಹಾಕಿ ತಂಬಾಕು ತಿಕ್ಕಿದ ಹಾಗೆ ತಿಕ್ಕಿದರು. ಮೂಗಿಗೆ ಹೊಡೆಯೋ ಘಾಟು ಬಂತು. ಡಿಎಪಿಯಲ್ಲಿರುವ ಅಮೋನಿಯಾವನ್ನು ಸುಣ್ಣ ಹೊರಗೆ ಹಾಕುತ್ತದೆ, ಅದೇ ಆ ಘಾಟು. ನನ್ನ ಗಂಟಿನದನ್ನು ಎಷ್ಟು ತಿಕ್ಕಿದರೂ ಬರೀ ಸುಣ್ಣದ ವಾಸನೆ.

ಆಮೇಲೆ ಹಳೇ ರೊಟ್ಟಿ ಹಂಚು ಒಲೆಗಿಟ್ಟರು (ಆ ಹಂಚಲ್ಲಿ ಮತ್ತೆ ರೊಟ್ಟಿ ಸುಡಬಾರದು). ಸಣ್ಣ ಉರಿಗೆ ಅಸಲಿ ಕಾಳು ಉಬ್ಬಿದವು, ನನ್ನವು ಕಲ್ಲಿನ ಹಾಗೆ ಕೂತವು. ಸೂಪರ್ ಫಾಸ್ಫೇಟ್ ಕಾಳೂ ಹೀಗೇ ಉಬ್ಬಲ್ಲವಂತೆ. ನೋಡೋಕೆ ಡಿಎಪಿ ಹಾಗೇ ಇರೋದರಿಂದ ಅದನ್ನೇ ಡಿಎಪಿ ಅಂತ ಮಾರೋರು ಜಾಸ್ತಿ.

ಘಾಟು ಬಂತು ಅಂತ ಕುಣಿಯೋ ಹಾಗೂ ಇಲ್ಲ. 20-20ರಂಥ ಕಾಂಪ್ಲೆಕ್ಸ್ ಗೊಬ್ಬರದಲ್ಲೂ ಅಮೋನಿಯಾ ಐತಿ, ಅದೂ ಘಾಟು ಕೊಡುತ್ತದೆ. ಅಂದರೆ ಘಾಟು ಬರದಿದ್ದರೆ ಡಿಎಪಿ ಅಲ್ಲ ಅನ್ನಬಹುದು. ಬಂದರೆ 46 ಪಾಲು ರಂಜಕ ಇದ್ದೇ ಐತಿ ಅನ್ನೋಕೆ ಪ್ರಯೋಗಾಲಯವೇ ಬೇಕು.

ಯೂರಿಯಾ ಸುಲಭ. ನೀರಿಗೆ ಹಾಕಿದರೆ ಪೂರ್ತಿ ಕರಗಿ ಲೋಟ ತಣ್ಣಗಾಗುತ್ತದೆ. ಕಾದ ಹಂಚಿನ ಮೇಲೆ ಕರಗಿ, ಉರಿ ಏರಿಸಿದರೆ ಏನೂ ಉಳಿಯದ ಹಾಗೆ ಆರಿಹೋಗುತ್ತದೆ. ಕೆಂಪು ಪೊಟ್ಯಾಷ್ ಕರಗಿದಾಗ ಕೆಂಪು ಪುಡಿ ನೀರ ಮೇಲೆ ತೇಲುತ್ತದೆ.

ಜಿಂಕ್ ಸಲ್ಫೇಟಿನಲ್ಲಿ ಅಗ್ಗದ ಮೆಗ್ನೀಷಿಯಂ ಸಲ್ಫೇಟ್ ಬೆರೆಸುತ್ತಾರೆ, ಎರಡೂ ಬಿಳಿ ಹರಳೇ. ಅಸಲಿ ಡಿಎಪಿ ಕರಗಿಸಿ ತಿಳಿನೀರು ಬಸಿದುಕೊಳ್ಳಿ. ಅದಕ್ಕೆ ಜಿಂಕ್ ಕರಗಿಸಿದ ನೀರು ಹಾಕಿದರೆ ಹಾಲು ಒಡೆದ ಹಾಗೆ ದಟ್ಟ ಗಡ್ಡೆ ಕಟ್ಟುತ್ತದೆ. ಬರೀ ಮೆಗ್ನೀಷಿಯಂ ಆದರೆ ಹಾಗೆ ಕಟ್ಟಲ್ಲ. ಏಳನೇ ಕ್ಲಾಸು ಓದಿದ ನನಗೇ ಇದು ಬಂತು, ನಿಮಗೂ ಬರುತ್ತದೆ.

ದೂರು ಕೊಡೋಣ ಅಂದೆ. "ಬಿಲ್ಲು ಎಲ್ಲಿ?" ಅಂದರು. 1985ರ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಮಾರುವವರು ಬಿಲ್ಲು ಕೊಡಲೇಬೇಕು. ಮಾದರಿಯನ್ನು ಇಲಾಖೆಯ ಇನ್ಸ್‌ಪೆಕ್ಟರೇ ಕ್ರಮಪ್ರಕಾರ ತೆಗೆದು ಪ್ರಯೋಗಾಲಯಕ್ಕೆ ಕಳಿಸಬೇಕು. ನಾನು ಬಿಚ್ಚಿದ ಚೀಲದ ಗಂಟು ಕೇಸಿಗೆ ನಿಲ್ಲಲ್ಲ. ಆ ಗಾಡಿಯವನು ಮತ್ತೆ ನಮ್ಮೂರಿಗೆ ಬರಲೂ ಇಲ್ಲ. ಅನುಮಾನ ಬಂದರೆ ಚೀಲ ಬಿಚ್ಚೋ ಮೊದಲೇ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿ.

ಮರು ವರ್ಷ ಅಂಗಡಿ ಕಟ್ಟೆ ಮೇಲೆ ಕೂತೇ ನಾಲ್ಕು ಕಾಳು ತಿಕ್ಕಿದೆ. ಅಂಗಡಿಯವರು, "ಯಜಮಾನ್ರೇ, ತಂಬಾಕು ಬಿಟ್ಟು ಡಿಎಪಿ ಹಿಡಿದೀರೇನು?" ಅಂತ ನಕ್ಕರು. ಘಾಟು ಬಂತು. ಬಿಲ್ಲು ಬರೆಸಿಕೊಂಡು ಚೀಲ ಗಾಡಿಗೆ ಹಾಕಿಸಿದೆ.