ನುಂಗಲಾಗದ ಹಸುವಿಗೆ ಗೊಟ್ಟ ಹಾಕಬೇಡಿ



ಮಳೆಗಾಲದಲ್ಲಿ ಹರಿಹರ, ದಾವಣಗೆರೆ ಸುತ್ತಿನ ಭದ್ರಾ ಅಚ್ಚುಕಟ್ಟಿನ ಹಳ್ಳಿಗಳಲ್ಲಿ ಗದ್ದೆಯಲ್ಲಿ ನೀರು ನಿಲ್ಲುತ್ತದೆ, ಸೊಳ್ಳೆ ಮತ್ತು ನುಸಿ ಹೆಚ್ಚುತ್ತವೆ. ಇವುಗಳ ಕಡಿತದಿಂದ ಹಸುಗಳಿಗೆ ಬರುವ ವೈರಸ್ ಕಾಯಿಲೆಯೇ 'ಮೂರು ದಿನದ ಜ್ವರ'. ಹೆಸರಿನಂತೆ ಹೆಚ್ಚಿನ ರಾಸುಗಳು ಮೂರ್ನಾಲ್ಕು ದಿನಗಳಲ್ಲಿ ಚೇತರಿಸಿಕೊಳ್ಳುತ್ತವೆ. ಜ್ವರದಿಂದಲೇ ಸಾಯುವ ರಾಸುಗಳು ಸಾಮಾನ್ಯವಾಗಿ ನೂರಕ್ಕೆ ಒಂದೆರಡು ಮಾತ್ರ. ಆದರೆ ಜ್ವರ ಇಳಿಯುವ ಹೊತ್ತಿಗೆ ನಾವು ಪ್ರೀತಿಯಿಂದ ಕುಡಿಸುವ ಕಷಾಯವೇ ಕೆಲವು ಹಸುಗಳ ಪ್ರಾಣಕ್ಕೆ ಎರವಾಗುತ್ತದೆ.

ಲಕ್ಷಣಗಳು

ನಿನ್ನೆ ಸರಿಯಾಗಿ ಹಾಲು ಕೊಟ್ಟ ಹಸು ಇಂದು ಒಮ್ಮೆಲೇ ಇಳಿಸುತ್ತದೆ. ಜ್ವರ 104 ಡಿಗ್ರಿ ದಾಟುತ್ತದೆ. ಉಸಿರು ಜೋರಾಗುತ್ತದೆ, ಮೂಗು ಸೋರುತ್ತದೆ. ಮೈ ನಡುಗುತ್ತದೆ. ಇಂದು ಒಂದು ಕಾಲು, ನಾಳೆ ಇನ್ನೊಂದು ಕಾಲು ಕುಂಟುತ್ತದೆ. ದಪ್ಪನೆಯ, ಹೆಚ್ಚು ಹಾಲು ಕೊಡುವ ಹಸುಗಳಿಗೆ ತೊಂದರೆ ಹೆಚ್ಚು. ಕೆಲವು ಮಲಗಿದರೆ ಏಳುವುದೇ ಇಲ್ಲ. ಎಮ್ಮೆಗಳಲ್ಲಿ ಸಾಮಾನ್ಯವಾಗಿ ಸೌಮ್ಯ.

ನುಂಗಲು ಏಕೆ ಆಗುವುದಿಲ್ಲ?

ಈ ಜ್ವರದಲ್ಲಿ ಸ್ನಾಯುಗಳು ಬಿಗಿಯುತ್ತವೆ, ರಕ್ತದಲ್ಲಿ ಸುಣ್ಣದ ಅಂಶ ಕುಸಿಯುತ್ತದೆ. ಕಾಲಿಗೆ ಬಂದ ಸೋಲು ಗಂಟಲಿಗೂ ಬರುತ್ತದೆ. ಆಗ ನಾವು ಬಾಯಿಗೆ ಹೊಯ್ದದ್ದು ಅನ್ನನಾಳಕ್ಕೆ ಇಳಿಯದೆ ಶ್ವಾಸಕೋಶಕ್ಕೆ ಹೋಗಬಹುದು. ಗಂಜಿ, ಬೆಲ್ಲದ ಕಷಾಯ, ಎಣ್ಣೆ ಯಾವುದೇ ಆಗಲಿ, ಅಲ್ಲಿ ಹೋದರೆ ನ್ಯುಮೋನಿಯಾ ಆಗುತ್ತದೆ. ಎಣ್ಣೆಯಂತೂ ಬಹಳ ಅಪಾಯ. ತಲೆ ಎತ್ತಿ, ನಾಲಿಗೆ ಹಿಡಿದೆಳೆದು ಗೊಟ್ಟ ಹಾಕಿದರೆ ಹಸುವಿಗೆ ತಪ್ಪಿಸಿಕೊಳ್ಳಲು ದಾರಿಯೇ ಇರುವುದಿಲ್ಲ.

ಗುರುತಿಸುವುದು ಹೇಗೆ?

• ಜೊಲ್ಲು ನಿಲ್ಲದೆ ಸುರಿಯುತ್ತದೆ.
• ನೀರು ಕುಡಿಯಲು ಹೋದರೆ ಕೆಮ್ಮುತ್ತದೆ, ಅಥವಾ ನೀರು ಮೂಗಿನಿಂದ ಬರುತ್ತದೆ.
• ಹುಲ್ಲು ಬಾಯಲ್ಲೇ ಉಳಿಯುತ್ತದೆ, ಮೆಲುಕು ನಿಂತಿರುತ್ತದೆ.

ಬಾಯೊಳಗೆ ಕೈ ಹಾಕಿ ನೋಡಬೇಡಿ. ನುಂಗಲಾಗದೆ ಜೊಲ್ಲು ಸುರಿಸುವುದು ಹುಚ್ಚುನಾಯಿ ರೋಗದ ಲಕ್ಷಣವೂ ಹೌದು. ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡಿದ್ದರೂ, ಕಾಲುಬಾಯಿ ಜ್ವರ ಬಂದಿದ್ದರೂ ಜೊಲ್ಲು ಬರುತ್ತದೆ. ಯಾವುದೆಂದು ವೈದ್ಯರು ನೋಡಿ ಹೇಳಲಿ. ಅಲ್ಲಿಯವರೆಗೆ ಬಾಯಿಗೆ ಏನನ್ನೂ ಹೊಯ್ಯಬೇಡಿ. ಔಷಧಿ, ಕ್ಯಾಲ್ಸಿಯಂ ಎಲ್ಲವೂ ಇಂಜೆಕ್ಷನ್ ಮೂಲಕವೇ ಹೋಗಲಿ. ಬಕೆಟ್‌ನಲ್ಲಿ ನೀರು, ಒಂದು ಹಿಡಿ ಎಳೆಯ ಹಸಿ ಹುಲ್ಲು ಮುಖದ ಮುಂದೆ ಇಡಿ. ತಾನಾಗಿ ಕುಡಿದು, ಕುತ್ತಿಗೆಯ ಎಡಬದಿಯಲ್ಲಿ ಗುಟುಕು ಇಳಿಯುವುದು ಕಂಡು, ಮೆಲುಕು ಶುರುವಾದರೆ ಗಂಟಲು ಸರಿಯಾಯಿತೆಂದು ತಿಳಿಯಿರಿ.

ಮಲಗಿದ ಹಸುವಿನ ಆರೈಕೆ

ನಾನೂರು ಕಿಲೋ ತೂಕದ ಹಸು ಒಂದೇ ಮಗ್ಗುಲಲ್ಲಿ ಮಲಗಿದರೆ ಕೆಳಗಿನ ತೊಡೆಯ ಮಾಂಸಕ್ಕೆ ರಕ್ತ ಸರಿಯಾಗಿ ಹರಿಯದು. ಅರ್ಧ ದಿನದೊಳಗೇ ಆ ಸ್ನಾಯು ಹಾಳಾಗತೊಡಗುತ್ತದೆ. ಮೂಲ ಕಾಯಿಲೆ ವಾಸಿಯಾದರೂ ಹಸು ಏಳದಿರಲು ಇದೇ ಕಾರಣ.

• ಹುಲ್ಲು ಅಥವಾ ಮರಳಿನ ಮೆತ್ತನೆ ಹಾಸು ಮಾಡಿ. ಸಿಮೆಂಟ್ ನೆಲ ಬೇಡ.
• ಹುಲ್ಲು ತುಂಬಿದ ಚೀಲ ಒತ್ತುಕೊಟ್ಟು ಎದೆಯ ಮೇಲೆ ಕೂರಿಸಿ. ಪೂರ್ತಿ ಮಗ್ಗುಲಿಗೆ ಬಿದ್ದರೆ ಹೊಟ್ಟೆ ಉಬ್ಬುತ್ತದೆ.
• ಎರಡು-ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಕಾಲು ಉಜ್ಜಿ. ರಾತ್ರಿಯೂ ಬಿಡಬೇಡಿ, ಮನೆಯವರು ಸರದಿ ಹಂಚಿಕೊಳ್ಳಿ.
• ಬಾಲ ಹಿಡಿದು ಎಳೆದು ಏಳಿಸಬೇಡಿ. ನೆರಳಿರಲಿ.

ಎದ್ದ ಮೇಲೆ

ಮೇವಿಲ್ಲದ ದಿನಗಳಲ್ಲಿ ಹಸು ತನ್ನ ಮೈಮಾಂಸವನ್ನೇ ಕರಗಿಸಿಕೊಂಡಿರುತ್ತದೆ. ಎದ್ದಿತೆಂದು ಕೂಡಲೇ ದೂರದ ಮೇವಿಗೆ ಹೊಡೆಯಬೇಡಿ. ಒಂದೆರಡು ವಾರ ಕೊಟ್ಟಿಗೆಯಲ್ಲೇ ಇರಲಿ. ಮೊದಲು ಹಸಿ ಹುಲ್ಲು, ಆಮೇಲೆ ಸ್ವಲ್ಪಸ್ವಲ್ಪವಾಗಿ ಪಶು ಆಹಾರ ಮತ್ತು ಖನಿಜ ಮಿಶ್ರಣ ಕೊಡಿ. ಈ ಸೂಲಿನಲ್ಲಿ ಹಾಲು ಮೊದಲಿನಷ್ಟೇ ಬರಲಿಕ್ಕಿಲ್ಲ. ಹಾಗೆಂದು ಗಾಬರಿಯಾಗಿ ಹಸುವನ್ನು ಮಾರಬೇಡಿ.

ಮನೆಯವರ ಬಗ್ಗೆಯೂ ಒಂದು ಮಾತು

ಈ ಜ್ವರ ಹಸುವಿನಿಂದ ಮನುಷ್ಯರಿಗೆ ಬರುವುದಿಲ್ಲ. ಆದರೆ ಗಂಟಲಿನ ಪಾಠ ಒಂದೇ. ಕೋವಿಡ್‌ನಲ್ಲಿ ಹಲವು ದಿನ ವೆಂಟಿಲೇಟರ್ ಮೇಲಿದ್ದವರಲ್ಲಿ ತೊಡೆ ಬತ್ತಿ, ನೀರು ಕುಡಿದರೆ ಕೆಮ್ಮು ಬರುವಂತಾದದ್ದನ್ನು ವೈದ್ಯರು ಕಂಡಿದ್ದಾರೆ. ಅಂಥವರಿಗೆ ಮಲಗಿಸಿ ಗಂಜಿ ಹೊಯ್ಯಬಾರದು. ಯಾವ ಆಹಾರ, ಎಷ್ಟು ತೆಳು ಎಂಬುದನ್ನು ವೈದ್ಯರಿಂದಲೇ ತಿಳಿಯಿರಿ.

ಕೊನೆಯದಾಗಿ, ಸಂಜೆ ಕೊಟ್ಟಿಗೆಗೆ ಬೇವಿನ ಸೊಪ್ಪಿನ ತೆಳು ಹೊಗೆ ಹಾಕಿ. ಉಸಿರು ಜೋರಾಗಿರುವ ಹಸುವಿನ ಹತ್ತಿರ ಮಾತ್ರ ಬೇಡ. ನಿಂತ ನೀರು ಹರಿಸಿಬಿಡಿ. ಚಿಕಿತ್ಸೆ ನಡೆದಿರುವ ಹಸುವಿನ ಹಾಲನ್ನು ವೈದ್ಯರು ಹೇಳುವವರೆಗೆ ಸಂಘಕ್ಕೆ ಹಾಕಬೇಡಿ. ಹಸು ಮಲಗಿದರೆ ಅಥವಾ ನುಂಗದಿದ್ದರೆ ಬೆಳಗಾಗಲೆಂದು ಕಾಯದೆ ಸಂಘದ ಕಾರ್ಯದರ್ಶಿಯವರಿಗೆ ತಿಳಿಸಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ.

– ಪಶುವೈದ್ಯಾಧಿಕಾರಿ