ವಂಶಾವನತಿ: ದೇಶ ಸುತ್ತಿದ ಒಂದು ಭಯ

ನಮ್ಮ ಬಂಧುಗಳ ಮನೆಯ ಹುಡುಗಿಯೊಬ್ಬಳಿಗೆ ಕೂಡಿಬಂದಿದ್ದ ಸಂಬಂಧ ಮುರಿದುಬಿದ್ದುದಕ್ಕೆ ಕಾರಣ ಒಂದೇ: ಅವಳ ಸೋದರಮಾವನಿಗೆ ಮಾನಸಿಕ ಕಾಯಿಲೆಯಿತ್ತು. ‘ಅದು ವಂಶದಲ್ಲೇ ಇದೆ’ ಎಂದರು ಗಂಡಿನ ಕಡೆಯವರು, ಎಲ್ಲರೂ ಓದಿದವರೇ. ಈ ಭಯ ಪುರಾತನವಾದುದು, ನಿಜ. ಆದರೆ ಅದಕ್ಕೆ ವಿಜ್ಞಾನದ ಮುದ್ರೆಯೊತ್ತಿದವರು ಯಾರೆಂದು ಹುಡುಕಹೊರಟ ನಾನು ತಲುಪಿದ್ದು ಹತ್ತೊಂಬತ್ತನೇ ಶತಮಾನದ ಫ್ರಾನ್ಸನ್ನು.

1857ರಲ್ಲಿ ಮನೋವೈದ್ಯ ಬೆನೆಡಿಕ್ಟ್ ಮೊರೆಲ್ ‘ವಂಶಾವನತಿ’ಯ ಸಿದ್ಧಾಂತವನ್ನು ಗ್ರಂಥರೂಪದಲ್ಲಿ ಮಂಡಿಸಿದರು. ಕುಡಿತ, ಕೊಳಕು ವಸತಿಗಳಿಂದ ಒಮ್ಮೆ ಕೆಟ್ಟ ದೇಹಸ್ಥಿತಿ ತಲೆಮಾರಿನಿಂದ ತಲೆಮಾರಿಗೆ ಉಲ್ಬಣಿಸುತ್ತದೆ. ನರದೌರ್ಬಲ್ಯ ಹುಚ್ಚಾಗಿ, ಹುಚ್ಚು ಬುದ್ಧಿಮಾಂದ್ಯವಾಗಿ, ಕೊನೆಗೆ ಬಂಜೆತನದಲ್ಲಿ ವಂಶವೇ ನಂದಿಹೋಗುತ್ತದೆ ಎಂಬುದು ಅವರ ವಾದ. ದೇವರು ಸೃಷ್ಟಿಸಿದ ಪರಿಪೂರ್ಣ ಮಾನವನಿಂದ ಜಾರುವುದೇ ಅವರ ದೃಷ್ಟಿಯಲ್ಲಿ ಅವನತಿ.

ಕೈಯಿಂದ ಕೈಗೆ ಸಾಗಿದಂತೆ ಸಿದ್ಧಾಂತ ವೇಷ ಬದಲಿಸಿತು. ಪ್ಯಾರಿಸ್ಸಿನ ವಾಲೆಂಟಿನ್ ಮಾನ್ಯಾನ್ ಅದರ ಧಾರ್ಮಿಕ ಹೊದಿಕೆಯನ್ನು ಕಳಚಿ ವಿಕಾಸವಾದಕ್ಕೆ ಜೋಡಿಸಿದರು. ಇಂಗ್ಲೆಂಡಿನಲ್ಲಿ ಹೆನ್ರಿ ಮಾಡ್ಸ್‌ಲಿ, ಆಸ್ಟ್ರಿಯಾದಲ್ಲಿ ಕ್ರಾಫ್ಟ್-ಎಬಿಂಗ್ ಅದನ್ನು ಪ್ರಚುರಪಡಿಸಿದರು. ಹಂಗೆರಿಯಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ನೆಲೆಸಿ, ಜರ್ಮನ್ ಭಾಷೆಯಲ್ಲಿ ಬರೆಯುತ್ತಿದ್ದ ಮ್ಯಾಕ್ಸ್ ನಾರ್ಡೊ 1892ರಲ್ಲಿ ‘ಅವನತಿ’ ಎಂಬ ಗ್ರಂಥವನ್ನು ಇಟಲಿಯ ಲೊಂಬ್ರೋಸೊಗೆ ಅರ್ಪಿಸಿ, ಅಂದಿನ ಸಾಹಿತಿ, ಕಲಾವಿದರನ್ನೇ ರೋಗಿಗಳ ಸಾಲಿನಲ್ಲಿ ನಿಲ್ಲಿಸಿದರು.

ಅಮೆರಿಕದಲ್ಲಿ ಸುಜನನವಾದದೊಡನೆ ಬೆರೆತು ಇದು ಕಾನೂನೇ ಆಯಿತು. ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಇಂಡಿಯಾನಾ ರಾಜ್ಯ 1907ರಲ್ಲಿ ಅನುಮತಿ ನೀಡಿತು. ವರ್ಜೀನಿಯಾದ ಅಂತಹುದೇ ಕಾಯ್ದೆಯನ್ನು ಅಲ್ಲಿನ ಸುಪ್ರೀಂ ಕೋರ್ಟ್ 1927ರಲ್ಲಿ ಎತ್ತಿಹಿಡಿಯಿತು. 1933ರ ನಾಜಿ ಕಾಯ್ದೆಗೆ ಸುಮಾರು ನಾಲ್ಕು ಲಕ್ಷ ಮಂದಿ ಈಡಾದರು. ಅಮೆರಿಕದಲ್ಲಿ ಇಂತಹ ಶಾಸನಗಳಿಗೆ ಮಾದರಿ ಕರಡು ರಚಿಸಿದ್ದ ಹ್ಯಾರಿ ಲಾಫ್ಲಿನ್ ಅವರಿಗೆ 1936ರಲ್ಲಿ ಹೈಡಲ್‌ಬರ್ಗ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಪ್ರತಿ ದೇಶವೂ ತನಗೆ ಬೇಡವಾದವರನ್ನು ಗುರುತಿಸಲು ಈ ಸಿದ್ಧಾಂತವನ್ನು ಎರವಲು ಪಡೆಯಿತೇ ಹೊರತು ಅದರ ಸತ್ಯಾಸತ್ಯವನ್ನು ಒರೆಗೆ ಹಚ್ಚಲಿಲ್ಲ.

ಮನೋರೋಗಗಳಲ್ಲಿ ಅನುವಂಶೀಯತೆಗೆ ಪಾಲಿಲ್ಲವೆಂದಲ್ಲ. ಆದರೆ ಅದು ವಿಧಿಲಿಖಿತವಲ್ಲ, ತಲೆಮಾರು ಕಳೆದಂತೆ ಬೆಳೆಯುವ ಕಳಂಕವೂ ಅಲ್ಲ. ತಂದೆ ಅಥವಾ ತಾಯಿಗೆ ಸ್ಕಿಜೋಫ್ರೀನಿಯಾ ಇದ್ದರೂ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಂದಿಗೆ ಆ ಕಾಯಿಲೆ ಬರುವುದಿಲ್ಲ. ಮಾನಸಿಕ ಕಾಯಿಲೆಗೆ ಚಿಕಿತ್ಸೆಯೆಂದು ಸಂತಾನಹರಣ ಮಾಡುವುದನ್ನು ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಆದರೆ ಹಿಂದೂ ವಿವಾಹ ಕಾಯ್ದೆಯ ಐದನೇ ಕಲಮಿನಲ್ಲಿ, ಮನೋವ್ಯಾಧಿಯಿಂದಾಗಿ ‘ಸಂತಾನ ಪಡೆಯಲು ಅನರ್ಹ’ರಾದವರ ಪ್ರಸ್ತಾಪ ಇನ್ನೂ ಉಳಿದಿದೆ.

ಮೊರೆಲ್ ಹೆಸರನ್ನು ಆ ಗಂಡಿನ ಕಡೆಯವರು ಕೇಳಿರಲಾರರು. ಕೇಳದೆಯೇ ಅವರ ಮಾತನ್ನು ಆಡುತ್ತಿದ್ದರು ಎಂಬುದೇ ನನ್ನನ್ನು ಕಾಡುವ ಸಂಗತಿ.