ಮರಕ್ಕೆ ಕೋಳಿ ಸೂಪು ಕೊಟ್ಟ ಊರು

ಮೊದಲ ನೋಟಕ್ಕೆ ಆ ಮರ ಸೊಟ್ಟ. ಒಂದು ಮಗ್ಗುಲಲ್ಲಿ ಕೊಂಬೆಗಳು ನೆಲಕ್ಕೆ ಸಮನಾಗಿ ಉದ್ದಕ್ಕೆ ಚಾಚಿಕೊಂಡಿವೆ, ಇನ್ನೊಂದು ಮಗ್ಗುಲಲ್ಲಿ ಬರೀ ಆಕಾಶ. ಅರ್ಧ ಹಾಕಿ ಬಿಟ್ಟ ಚಪ್ಪರದ ಹಾಗೆ. ಅಮೆರಿಕದ ಟೆಕ್ಸಾಸ್ ರಾಜ್ಯದ ರಾಜಧಾನಿ ಆಸ್ಟಿನ್‌ನಲ್ಲಿ, ಬೇಲರ್ ಬೀದಿಯಲ್ಲಿ, ಐದನೇ ಮತ್ತು ಆರನೇ ರಸ್ತೆಗಳ ನಡುವೆ ಅದು ನಿಂತಿದೆ. ಮಗನ ಮನೆಗೆಂದು ತೀರ್ಥಹಳ್ಳಿ ಕಡೆಯಿಂದ ಬಂದಿದ್ದ ಹಿರಿಯ ತಾಯಿಯೊಬ್ಬರು ನವೆಂಬರಿನ ಒಂದು ಭಾನುವಾರ ಅದರ ಮುಂದೆ ನಿಂತು ತಲೆ ಎತ್ತಿ ನೋಡಿದರು. "ಸಿಡಿಲು ಬಡಿದಿತ್ತೇನೋ?"

"ಇಲ್ಲಮ್ಮ, ಯಾರೋ ವಿಷ ಹಾಕಿದ್ದ."

"ಮರಕ್ಕಾ? ಜಾಗದ ತಕರಾರಾ?"

ಊರಿನ ಅನುಭವದಿಂದ ಬಂದ ಪ್ರಶ್ನೆ ಅದು. ನಮ್ಮಲ್ಲಿ ಮರ ಸಾಯುವುದು ಲೆಕ್ಕಾಚಾರದಿಂದ. ಬೇಲಿಯಂಚಿನ ಮರದ ತೊಗಟೆಯನ್ನು ಸುತ್ತ ಕೆತ್ತಿ ಬಿಡುತ್ತಾರೆ, ಆಮೇಲೆ ಅದು ತಾನಾಗಿ ಒಣಗಿತು ಎನ್ನುತ್ತಾರೆ. ಬೆಂಗಳೂರಿನಲ್ಲಿ ಜಾಹೀರಾತು ಫಲಕಕ್ಕೆ ಅಡ್ಡ ಬಂದ ಮರದ ಬುಡ ಕೊರೆದು ಆಸಿಡ್ ಸುರಿದ ಸುದ್ದಿಯನ್ನು ಮಾರತ್ತಹಳ್ಳಿಯ ಕಡೆಯವರು ಓದಿ ಮರೆತಿದ್ದಾರೆ. ಆಸ್ಟಿನ್‌ನ ಮರಕ್ಕೆ ವಿಷ ಬಿದ್ದದ್ದು ಮಾತ್ರ ಪ್ರೀತಿಯ ಕಾರಣಕ್ಕೆ. ಹಾಗಂತ ನ್ಯಾಯಾಲಯದಲ್ಲಿ ಹೇಳಲಾಯಿತು.

ಮರದ ಹೆಸರು ಟ್ರೀಟಿ ಓಕ್. ಕರಾರಿನ ಮರ ಎನ್ನಬಹುದು. ಟೆಕ್ಸಾಸ್‌ನ ಪಿತಾಮಹ ಎನಿಸಿಕೊಂಡ ಸ್ಟೀಫನ್ ಎಫ್. ಆಸ್ಟಿನ್ ಮೂಲನಿವಾಸಿಗಳ ಜತೆ ಗಡಿ ಒಪ್ಪಂದ ಮಾಡಿಕೊಂಡದ್ದು ಇದರ ನೆರಳಲ್ಲಿ ಎಂಬುದು ಕತೆ. ಅದಕ್ಕೆ ಒಂದು ಚೂರು ಕಾಗದದ ಆಧಾರವೂ ಇಲ್ಲ. ಕಮಾಂಚಿ, ಟಾಂಕವಾ ಜನರಿಗೆ ಇದು ಪವಿತ್ರವಾಗಿತ್ತು, ಇಲ್ಲಿದ್ದ 14 ಓಕ್‌ಗಳ ಗುಂಪಿನಲ್ಲಿ ಉಳಿದದ್ದು ಇದೊಂದೇ ಎಂದೂ ಹೇಳುತ್ತಾರೆ. ವಯಸ್ಸು ಸುಮಾರು 500 ಎಂಬ ಅಂದಾಜಿದೆ. ಗಟ್ಟಿ ದಾಖಲೆ ಸಿಗುವುದು ತೀರ ಇತ್ತೀಚಿನದು: ಖಾಸಗಿ ಜಾಗದಲ್ಲಿದ್ದ ಮರವನ್ನು 1937ರಲ್ಲಿ ನಗರಾಡಳಿತ 1000 ಡಾಲರ್ ಕೊಟ್ಟು ಕೊಂಡುಕೊಂಡಿತು. ಆಗೆಲ್ಲ ಅದರ ಕೊಂಬೆಗಳ ಹರವು 127 ಅಡಿ. ಈಗ ಉಳಿದಿರುವುದು ಆ ಮರದ ಸುಮಾರು ಮೂರನೇ ಒಂದು ಪಾಲು.

1989ರ ಬೇಸಿಗೆಯ ಹೊತ್ತಿಗೆ ಮರದ ಬುಡದ ಹುಲ್ಲು ಸತ್ತಿತ್ತು, ಎಲೆಗಳ ಅಂಚು ಕಂದಾಗತೊಡಗಿತ್ತು. ನಗರದ ಮರಗಳ ಉಸ್ತುವಾರಿ ಅಧಿಕಾರಿ ಜಾನ್ ಗೀಡ್ರೈಟಿಸ್‌ಗೆ ಇದು ಬರೀ ನೌಕರಿಯ ವಿಷಯವಾಗಿರಲಿಲ್ಲ. ತಾನು ಮದುವೆಯಾದಾಕೆಗೆ "ನನ್ನ ಮದುವೆಯಾಗ್ತೀಯಾ" ಎಂದು ಅವರು ಕೇಳಿದ್ದು ಇದೇ ಮರದಡಿ. ಮಣ್ಣಿನ ಪರೀಕ್ಷೆಯಲ್ಲಿ ಸಿಕ್ಕಿದ್ದು ವೆಲ್ಪಾರ್ ಎಂಬ ಕಳೆನಾಶಕ. ಸುರಿದಿದ್ದ ಪ್ರಮಾಣ ನೂರು ಮರ ಕೊಲ್ಲಲು ಸಾಕಾಗುವಷ್ಟು.

ವೆಲ್ಪಾರ್ ಕೊಲ್ಲುವ ಕ್ರಮವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅದರಲ್ಲಿರುವ ಹೆಕ್ಸಜಿನೋನ್ ಬೇರು ಹೀರುವ ನೀರಿನ ಜತೆ ಮೇಲೇರಿ ಎಲೆ ಸೇರುತ್ತದೆ. ಅಲ್ಲಿ ಬಿಸಿಲಿನಿಂದ ಅಡುಗೆ ಮಾಡುವ ಒಲೆಯನ್ನೇ ಆರಿಸುತ್ತದೆ. ಕೆಟ್ಟ ಎಲೆಯನ್ನು ಮರ ಉದುರಿಸುತ್ತದೆ. ಕಾಂಡದಲ್ಲಿ, ಬೇರಿನಲ್ಲಿ ಕೂಡಿಟ್ಟುಕೊಂಡ ಪಿಷ್ಟ ಖರ್ಚು ಮಾಡಿ ಹೊಸ ಎಲೆ ಹೊರಡಿಸುತ್ತದೆ. ಅದಕ್ಕೂ ವಿಷ ಏರುತ್ತದೆ, ಅದೂ ಉದುರುತ್ತದೆ. ಮತ್ತೆ ಚಿಗುರು, ಮತ್ತೆ ಉದುರು. ಮನೆಯಲ್ಲಿ ದುಡಿಮೆ ನಿಂತ ಮೇಲೆ ಇಟ್ಟ ಗಂಟು ಕರಗಿಸಿ ದಿನ ದೂಡಿದ ಹಾಗೆ. ಗಂಟು ಮುಗಿದ ದಿನ ಮರ ಮುಗಿಯುತ್ತದೆ. ಆ ಬೇಸಿಗೆ ಆಸ್ಟಿನ್‌ನ ಜನ ಒಂದೇ ಮರದಲ್ಲಿ ಮತ್ತೆ ಮತ್ತೆ ಚಿಗುರು ಬಂದದ್ದನ್ನೂ ಬಿದ್ದದ್ದನ್ನೂ ಕಣ್ಣಾರೆ ಕಂಡರು.

ಕಂಡವರು ಸುಮ್ಮನಿರಲಿಲ್ಲ. ಡಲ್ಲಾಸ್‌ನ ಕೋಟ್ಯಧಿಪತಿ ರಾಸ್ ಪೆರೋ (1992ರಲ್ಲಿ ಅಧ್ಯಕ್ಷ ಚುನಾವಣೆಗೆ ನಿಂತವರು) ಏನು ಖರ್ಚಾದರೂ ಆಗಲಿ, ಮರ ಉಳಿಸಿ ಎಂದು ಖಾಲಿ ಚೆಕ್ಕಿನ ಭರವಸೆ ಕೊಟ್ಟರು. ವೆಲ್ಪಾರ್ ತಯಾರಿಸುವ ಡ್ಯೂಪಾಂಟ್ ಕಂಪನಿಯೇ ಅಪರಾಧಿಯ ಸುಳಿವು ಕೊಟ್ಟವರಿಗೆ 10,000 ಡಾಲರ್ ಬಹುಮಾನ ಸಾರಿತು. ಬುಡದ ವಿಷದ ಮಣ್ಣು ತೆಗೆದು ಹೊಸ ಮಣ್ಣು ತುಂಬಿದರು. ಬಿಸಿಲು ತಾಗದಿರಲೆಂದು ಎತ್ತರದ ಕಂಬ ನೆಟ್ಟು ಪರದೆ ಕಟ್ಟಿದರು, ಎಲೆಗಳ ಮೇಲೆ ಚಿಲುಮೆಯ ನೀರು ಸಿಂಪಡಿಸಿದರು, ಕಳೆದುಹೋದ ಪಿಷ್ಟದ ಬದಲಿಗೆಂದು ಸಕ್ಕರೆ ನೀರನ್ನೂ ಕುಡಿಸಿದರು. ತೀವ್ರ ನಿಗಾ ಘಟಕದ ರೋಗಿಗೆ ನಡೆಯುವ ಉಪಚಾರಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ರೋಗಿ ಎಂದಮೇಲೆ ನೋಡಲು ಬರುವವರು ಬರಿಗೈಯಲ್ಲಿ ಬರುವುದಿಲ್ಲ. ಬೇಗ ಗುಣವಾಗು ಎಂದು ಮಕ್ಕಳು ಕಾರ್ಡು ಬರೆದು ತಂದರು. ಹೂವು ಬಂತು, ಹರಳು ಕಲ್ಲು ಬಂತು. ಅತೀಂದ್ರಿಯ ಶಕ್ತಿಯುಳ್ಳವರು ಎಂದು ಹೇಳಿಕೊಂಡವರು ಬಂದು ಕಾಂಡಕ್ಕೆ ಕೈಯಿಟ್ಟು ತಮ್ಮ ಚೈತನ್ಯ ಹರಿಸಿದರು. ಅದರಿಂದ ಮರಕ್ಕೆ ಏನಾಯಿತೋ, ಪತ್ರಿಕೆಯವರಿಗಂತೂ ಒಳ್ಳೆಯ ಚಿತ್ರ ಸಿಕ್ಕಿತು. ಇವೆಲ್ಲದರ ನಡುವೆ ಬುಡದಲ್ಲಿ ಸಾಲಾಗಿ ಕೂತವು ಕೋಳಿ ಸೂಪಿನ ಡಬ್ಬಿಗಳು.

ಕೋಳಿ ಸೂಪು! ಈ ಲೇಖಕನಿಗೆ ಇಡೀ ಪ್ರಕರಣದಲ್ಲಿ ಮರೆಯಲಾಗದ ವಸ್ತು ಇದೇ. ಅಮೆರಿಕದ ಮನೆಗಳಲ್ಲಿ ನೆಗಡಿ, ಜ್ವರ ಬಂದವರ ಬಾಯಿಗೆ ಮೊದಲು ಹೋಗುವುದು ಅದು. ಯಹೂದಿ ಅಜ್ಜಿಯರು ಮಾಡುವ ಸೂಪಿಗೆ ಯಹೂದಿ ಪೆನಿಸಿಲಿನ್ ಎಂಬ ತಮಾಷೆಯ ಹೆಸರೇ ಇದೆ. ಹನ್ನೆರಡನೇ ಶತಮಾನದ ವೈದ್ಯ ಮೈಮೋನಿಡಿಸ್ ಕೋಳಿ ಸಾರಿನ ಗುಣವನ್ನು ಹೊಗಳಿದ್ದಾನೆ. ಅಷ್ಟು ಸಾಲದೆಂದು 1978ರಲ್ಲಿ ಮಯಾಮಿ ಬೀಚಿನ ವೈದ್ಯರು ಬಿಸಿ ಕೋಳಿ ಸೂಪು ಕುಡಿದರೆ ಮೂಗಿನ ಸಿಂಬಳ ಎಷ್ಟು ವೇಗವಾಗಿ ಸರಿಯುತ್ತದೆ ಎಂದು ಅಳೆದು, ತಣ್ಣೀರಿಗಿಂತ ವಾಸಿ ಎಂದು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಮೂಗಿಲ್ಲದ ಮರಕ್ಕೆ ಇದರಿಂದ ಏನು ಪ್ರಯೋಜನ ಎಂದು ಕೇಳಿದರೆ ಉತ್ತರವಿಲ್ಲ. ನಿಜವಾಗಿ ಸುರಿದಿದ್ದರೆ ಡಬ್ಬಿ ಸೂಪಿನ ಉಪ್ಪು ಬೇರಿಗೆ ಕೆಡುಕೇ. ಆದರೂ ಅಂಗಡಿಗೆ ಹೋಗಿ, ಕಪಾಟಿನಿಂದ ಡಬ್ಬಿ ಆರಿಸಿ, ದುಡ್ಡು ಕೊಟ್ಟು, ಬಿಸಿಲಲ್ಲಿ ನಡೆದು ಬಂದು, ಮರದ ಬುಡದಲ್ಲಿಟ್ಟು ಹೋದವರ ತಲೆಯಲ್ಲಿ ಆ ಹೊತ್ತು ಮರ ಇರಲಿಲ್ಲ, ಕಾಯಿಲೆ ಬಿದ್ದ ಮನೆಯ ಹಿರಿಯರೊಬ್ಬರು ಇದ್ದರು.

ಮಗ ಇದನ್ನು ವಿವರಿಸಿದಾಗ ತೀರ್ಥಹಳ್ಳಿಯ ತಾಯಿ ನಗಲಿಲ್ಲ. "ಅಷ್ಟು ನಿಶ್ಶಕ್ತಿ ಆದಾಗ ಕೋಳಿ ಜೀರ್ಣ ಆಗ್ತದಾ? ಗಂಜಿ ಕೊಡಬೇಕಿತ್ತು" ಎಂದರು.

ಸಿಕ್ಕಿಬಿದ್ದವನು ಪಾಲ್ ಕಲನ್. ತಾನು ಮಾಡಿದ್ದನ್ನು ಬೇರೆಯವರ ಮುಂದೆ ಕೊಚ್ಚಿಕೊಂಡು ಬಲೆಗೆ ಬಿದ್ದ. ತನ್ನನ್ನು ಒಲ್ಲದ ಹೆಂಗಸೊಬ್ಬಳ ಮೇಲಿನ ಮೋಹ ಕಳೆದುಕೊಳ್ಳಲು ಅವನು ಮಾಟದಂಥ ಕ್ರಿಯೆ ಮಾಡಿದ, ಮರ ಒಣಗುತ್ತಾ ಹೋದಂತೆ ಮೋಹವೂ ಒಣಗುತ್ತದೆ ಎಂಬುದು ಅವನ ನಂಬಿಕೆ ಎಂದು ವಿಚಾರಣೆಯಲ್ಲಿ ಹೊರಬಿತ್ತು. ನಮಗೆ ಇದು ತೀರ ಅಪರಿಚಿತವಲ್ಲ. ಮೈಮೇಲೆ ಬಂದದ್ದನ್ನು ಮೊಳೆ ಹೊಡೆದು ಮರಕ್ಕೆ ಕಟ್ಟಿಹಾಕುವ ಮಂತ್ರವಾದಿಗಳು ನಮ್ಮ ಹಳ್ಳಿಗಳಲ್ಲೂ ಇದ್ದರು, ಆ ಮೊಳೆ ನುಂಗಿ ದಪ್ಪಗಾದ ಹುಣಸೆ ಮರಗಳೂ ಇವೆ. ಮನುಷ್ಯನ ಭಾರ ಹೊರಲು ಮರವೇ ಆಗಬೇಕು, ಅದು ವಾಪಸು ಮಾತಾಡುವುದಿಲ್ಲವಲ್ಲ. 1990ರಲ್ಲಿ ಕಲನ್‌ಗೆ ಒಂಬತ್ತು ವರ್ಷದ ಶಿಕ್ಷೆಯಾಯಿತು. ಮೂರನೇ ಒಂದು ಭಾಗ ಅನುಭವಿಸಿ ಹೊರಬಂದ, 2001ರಲ್ಲಿ ತೀರಿಕೊಂಡ.

ಒಂದು ಮರಕ್ಕೆ ಒಂಬತ್ತು ವರ್ಷ ಹೆಚ್ಚಾಯಿತೇ? ಇಂಗ್ಲೆಂಡಿನಲ್ಲಿ 2023ರ ಸೆಪ್ಟೆಂಬರಿನ ಒಂದು ಬಿರುಗಾಳಿಯ ರಾತ್ರಿ ಹೇಡ್ರಿಯನ್ ಗೋಡೆಯ ಪಕ್ಕದ ಸಿಕಮೋರ್ ಮರವನ್ನು ಗರಗಸ ಹಿಡಿದು ಉರುಳಿಸಿದ ಇಬ್ಬರಿಗೆ 2025ರ ಜುಲೈಯಲ್ಲಿ ತಲಾ ನಾಲ್ಕು ವರ್ಷ ಮೂರು ತಿಂಗಳ ಶಿಕ್ಷೆಯಾದಾಗಲೂ ಇದೇ ಚರ್ಚೆ ಎದ್ದಿತು. ಅಲ್ಲಿ ಆರೋಪಪಟ್ಟಿಯಲ್ಲಿ ಮರಕ್ಕೆ ಕಟ್ಟಿದ ಬೆಲೆ 6,22,191 ಪೌಂಡ್. ಕೆವಿನ್ ಕಾಸ್ಟ್ನರ್‌ನ ರಾಬಿನ್ ಹುಡ್ ಸಿನಿಮಾದಲ್ಲಿ ಕಾಣಿಸಿಕೊಂಡ ಮರ ಅದು. ಕಡಿದ ಮರುದಿನಗಳಲ್ಲೇ ಒಬ್ಬಾತ ದುಃಖ ತಡೆಯಲಾರದೆ ಹತ್ತಿರದಲ್ಲಿ ಒಂದು ಸಸಿ ನೆಟ್ಟ. ಅದು ವಿಶ್ವ ಪರಂಪರೆಯ ತಾಣ, ಯಾರೂ ಹಾಗೆ ಅಗೆಯುವಂತಿಲ್ಲ ಎಂದು ಜಾಗ ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಆ ಸಸಿಯನ್ನು ಕಿತ್ತಿತು. ನಿಯಮ ಸರಿ. ಆಸ್ಟಿನ್‌ನವರಾಗಿದ್ದರೆ ಬಹುಶಃ ಸಸಿಗೂ ಒಂದು ಡಬ್ಬಿ ಸೂಪು ಇಟ್ಟಿರುತ್ತಿದ್ದರು.

ಟ್ರೀಟಿ ಓಕ್ ಬದುಕುವುದಿಲ್ಲ ಎಂದೇ ತಜ್ಞರು ಅಂದುಕೊಂಡಿದ್ದರು. ಮೂರನೇ ಎರಡು ಭಾಗ ಸತ್ತಿತು, ಒಣಗಿದ ಕೊಂಬೆಗಳನ್ನು ಕತ್ತರಿಸಿದರು. ಉಳಿದದ್ದು ಉಳಿಯಿತು. ಪರದೆಯಿಂದ ಉಳಿಯಿತೋ, ಸಕ್ಕರೆಯಿಂದಲೋ, ಮಣ್ಣು ಬದಲಿಸಿದ್ದರಿಂದಲೋ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ವಿಷ ತಾಗದ ಕಡೆಯ ಬೇರುಗಳು ತಮ್ಮ ಪಾಡಿಗೆ ತಮ್ಮ ಕೆಲಸ ಮಾಡಿಕೊಂಡಿದ್ದವು ಎಂಬ ವಿವರಣೆಯ ಕಡೆಗೇ ಈ ಲೇಖಕನ ಒಲವು. 1997ರಲ್ಲಿ, ವಿಷ ಬಿದ್ದ ನಂತರ ಮೊದಲ ಬಾರಿಗೆ, ಮರ ಕಾಯಿ ಬಿಟ್ಟಿತು. ಅವುಗಳಿಂದ ಎಬ್ಬಿಸಿದ ಸಸಿಗಳು ಟೆಕ್ಸಾಸ್‌ನ ಬೇರೆ ಬೇರೆ ಕಡೆ, ಹೊರ ರಾಜ್ಯಗಳಿಗೂ ಹೋದವು.

ವಿಚಿತ್ರವೆಂದರೆ, ಮರಕ್ಕೆ ಹೆಸರು ಕೊಟ್ಟ ಕರಾರಿಗೆ ಸಾಕ್ಷಿಯಿಲ್ಲ, ಅದರ ಬುಡದಲ್ಲಿ ಕೂತ ಸೂಪಿನ ಡಬ್ಬಿಗಳಿಗೆ ಊರಿಗೆ ಊರೇ ಸಾಕ್ಷಿ.

ಆ ಭಾನುವಾರ ನೆಲದ ಮೇಲೆ ಕಾಯಿ ಬಿದ್ದಿದ್ದವು. ಅಡಿಕೆಗಿಂತ ಸಣ್ಣವು, ಕಪ್ಪು ಕಂದು, ತಲೆಗೊಂದು ಒರಟು ಟೋಪಿ. ತಾಯಿ ಬಗ್ಗಿ ಮೂರು ಆರಿಸಿ ಸೆರಗಿನ ತುದಿಗೆ ಕಟ್ಟಿಕೊಂಡರು.

"ಅಮ್ಮ, ಬೀಜ ಗೀಜ ಎಲ್ಲ ಏರ್‌ಪೋರ್ಟಲ್ಲಿ ಬಿಡೋದಿಲ್ಲ."

"ಊರಿಗೆ ಯಾರು ತಗೊಂಡು ಹೋಗ್ತಾರೆ? ನಿನ್ನ ಹಿತ್ತಿಲಲ್ಲೇ ಹಾಕ್ತೀನಿ."

"ನಂದು ಮೂರನೇ ಮಹಡಿ. ಹಿತ್ತಿಲೆಲ್ಲಿದೆ?"

ಅವರು ಸ್ವಲ್ಪ ಹೊತ್ತು ಯೋಚಿಸಿದರು. ಗಂಟು ಬಿಚ್ಚಿ ಎರಡನ್ನು ಮರದ ಬುಡದ ಕಡೆಗೇ ಹಾಕಿ, ಒಂದನ್ನು ಉಳಿಸಿಕೊಂಡು ಮತ್ತೆ ಗಂಟು ಹಾಕಿದರು. "ಒಂದು ಕುಂಡ ತಗೊಂಡೇ ಮನೆಗೆ ಹೋಗೋಣ ನಡಿ" ಎಂದು ಕಾರಿನ ಕಡೆ ಹೊರಟರು.